ಮತ ಕೇಳಲು ಬಂದವರಿಗೆ ಒಂದು ಪ್ರಶ್ನೆ



ಏಪ್ರಿಲ್ 14ರ ಜಯಂತಿಯಂದು ಬಾಬಾಸಾಹೇಬ ಅಂಬೇಡ್ಕರರ ಫೋಟೊಕ್ಕೆ ಹಾರ ಹಾಕದ ಶಾಸಕರಿಲ್ಲ. ಬಾಬಾಸಾಹೇಬರೂ ಶಾಸಕರಾಗಿದ್ದರಲ್ಲ, ಸದನದಲ್ಲಿ ಕೂತು ಏನು ಮಾಡಿದರು ಎಂದು ಕೇಳಿ ನೋಡಿ, ಹಾರ ಹಾಕಿದವರೇ ತಡವರಿಸುತ್ತಾರೆ.

ಲಂಡನ್ನಿನಲ್ಲಿ ಬ್ಯಾರಿಸ್ಟರಾಗಿ ಬಂದ ಅಂಬೇಡ್ಕರ್ 1923ರಲ್ಲಿ ಮುಂಬೈನಲ್ಲಿ ವಕೀಲಿಕೆ ಹಿಡಿದರು. ಅಸ್ಪೃಶ್ಯನಿಗೆ ದೊಡ್ಡ ಕೇಸು ಕೊಡುವವರು ಯಾರು? ಬಡ ಕಕ್ಷಿದಾರರೇ ಗತಿ. 1926ರ ಕೊನೆಗೆ ಸರ್ಕಾರ ಅವರನ್ನು ಮುಂಬೈ ಶಾಸನ ಪರಿಷತ್ತಿಗೆ ನಾಮನಿರ್ದೇಶನ ಮಾಡಿತು. ಬೆಳಗಾವಿ, ಧಾರವಾಡ, ವಿಜಾಪುರದ ನಮ್ಮ ಹಿರಿಯರಿಗೂ ಕಾನೂನು ಬರುತ್ತಿದ್ದದ್ದು ಇದೇ ಸಭೆಯಿಂದ.

ಆಗ ಅಂಬೇಡ್ಕರರ ಸಮುದಾಯವಾದ ಮಹಾರರ ಕೊರಳಿಗೆ ವತನದ ಉರುಲು. ವತನವೆಂದರೆ ತುಂಡು ಭೂಮಿ, ಊರವರು ಕೊಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬಂಥ ಕಾಳು. ಅದಕ್ಕಾಗಿ ಹಗಲು ರಾತ್ರಿ ಸರ್ಕಾರದ ಚಾಕರಿ. ಅಪ್ಪ ಸಿಗದಿದ್ದರೆ ಮನೆಯ ಇನ್ನೊಬ್ಬನನ್ನು ಎಳೆದೊಯ್ಯುತ್ತಿದ್ದರು. ಇದಕ್ಕೆ ಆಧಾರ 1874ರ ಕಾಯಿದೆ. ಅದರ ತಿದ್ದುಪಡಿಗೆ 1928ರ ಮಾರ್ಚ್‌ನಲ್ಲಿ ಅಂಬೇಡ್ಕರ್ ತಾವೇ ವಿಧೇಯಕ ತಂದರು: ಬೇಕಾದವನು ಪೂರ್ತಿ ಕಂದಾಯ ಕಟ್ಟಿ ಭೂಮಿ ಉಳಿಸಿಕೊಳ್ಳಲಿ, ಚಾಕರಿಯಿಂದ ಬಿಡುಗಡೆಯಾಗಲಿ. ಕುರ್ಚಿ ಕೊಟ್ಟದ್ದು ಸರ್ಕಾರ, ಕೈ ಹಾಕಿದ್ದು ಅದೇ ಸರ್ಕಾರದ ಬಿಟ್ಟಿ ಚಾಕರಿಗೆ! ಈಗಿನವರಿಗೆ ನಿಗಮದ ಅಧ್ಯಕ್ಷಗಿರಿ ಸಿಕ್ಕರೆ ಸಾಕು, ಬಾಯಿ ಬಂದ್.

ವಿಧೇಯಕ ಗೆಲ್ಲಲಿಲ್ಲ. 1929ರಲ್ಲಿ ಹಿಂತೆಗೆದುಕೊಂಡರು. ಅದೇ ಪರಿಷತ್ತಿನಲ್ಲಿ ಗಿರಣಿ ಹೆಂಗಸರ ಹೆರಿಗೆ ಭತ್ಯೆಯ ಪರ ಮಾತಾಡಿದ್ದರು. ಆ ಕಾಯಿದೆ ಮಾತ್ರ ಆಯಿತು. 1937ರ ಚುನಾವಣೆಯಲ್ಲಿ ತಮ್ಮದೇ ಸ್ವತಂತ್ರ ಮಜೂರ ಪಕ್ಷದಿಂದ ಗೆದ್ದು, ಆ ಸೆಪ್ಟೆಂಬರಿನಲ್ಲೇ ಕೊಂಕಣದ ಖೋತಿ ಜಮೀನ್ದಾರಿ ರದ್ದಿಗೆ ಇನ್ನೊಂದು ವಿಧೇಯಕ ಇಟ್ಟರು. 1938ರ ಜನವರಿಯಲ್ಲಿ ಅದರ ಬೆಂಬಲಕ್ಕೆ ಸಾವಿರಾರು ರೈತರು ಮುಂಬೈಗೆ ಮೆರವಣಿಗೆ ಬಂದರು. ಆ ವಿಧೇಯಕವೂ ಆಗ ಕಾಯಿದೆಯಾಗಲಿಲ್ಲ.

‘ಮಂತ್ರಿಯಲ್ಲದ ಶಾಸಕ ತರುವ ಖಾಸಗಿ ವಿಧೇಯಕ ಎಲ್ಲಿ ಪಾಸಾಗುತ್ತೆ, ಸುಮ್ಮನೆ ಯಾಕೆ’ ಎನ್ನುವ ಶಾಸಕರೇ, ಖೋತಿ 1949ರ ಕಾಯಿದೆಯಿಂದ ಹೋಯಿತು. ಮಹಾರ ವತನ ರದ್ದತಿಯ ಕಾಯಿದೆ ಬಂದದ್ದು 1958ರಲ್ಲಿ. ಬಾಬಾಸಾಹೇಬರು ತೀರಿಕೊಂಡು ಎರಡು ವರ್ಷವಾಗಿತ್ತು. ಸೋತ ಕಾಗದವೇ ಮುಂದಿನವರಿಗೆ ದಾರಿಯಾಯಿತು.

ಚರಂಡಿ, ಬೀದಿದೀಪ ಪಂಚಾಯ್ತಿಯ ಕೆಲಸ. ಸಮುದಾಯ ಭವನದ ಗುದ್ದಲಿ ಪೂಜೆಗೆ ಯಾರಾದರೂ ಆದೀತು. ರಾಜ್ಯದ ಕಾನೂನು ಬರೆಯಲಿಕ್ಕೆ ನಾವು ಕಳಿಸುವುದು ಶಾಸಕರನ್ನು ಮಾತ್ರ. ವಕೀಲರೇ ಆಗಬೇಕೆಂದಿಲ್ಲ, ಕರಡು ಬರೆಸಲು ಬಲ್ಲವರು ಸಿಗುತ್ತಾರೆ.

ಆದ್ದರಿಂದ ಈ ಸಲ ಕೈಮುಗಿದು ಬಾಗಿಲಿಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು ಕೇಳಿ: ಕಳೆದ ಐದು ವರ್ಷದಲ್ಲಿ ನೀವಾಗಿ ಸದನಕ್ಕೆ ತಂದ ವಿಧೇಯಕ ಯಾವುದು? ಹೊಸಬರಾದರೆ, ತರುವುದು ಯಾವುದು? ಪ್ರತಿ ಇದ್ದರೆ ಕೊಡಿ, ಓದುತ್ತೇವೆ.