ಫ್ಯಾಮಿಲಿ ರೂಮಿನ ಟೇಬಲ್ ಯಾಕೆ ಖಾಲಿಯಾಯಿತು?

ಕಾಸರಗೋಡು: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಇಲ್ಲಿಯ ಕನ್ನಡ ಮನೆಗಳಲ್ಲಿ ಒಂದು ವಾಡಿಕೆಯಿತ್ತು. ಮಗಳು ಪಾಸಾದರೆ ಅಪ್ಪ ಮನೆಮಂದಿಯನ್ನೆಲ್ಲ ಬಸ್ಸು ಹತ್ತಿಸಿ ಪೇಟೆಗೆ ಕರೆತರುತ್ತಿದ್ದರು. ಹೋಟೆಲಿನ ಒಳಗಡೆಯ ‘ಫ್ಯಾಮಿಲಿ ರೂಮ್’ನಲ್ಲಿ ಫ್ಯಾನಿನ ಕೆಳಗೆ ಕೂತು ಮಸಾಲೆ ದೋಸೆ, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಗಲ್ಲಾಪೆಟ್ಟಿಗೆಯಲ್ಲಿ ಕೂತ ಯಜಮಾನರು, ‘ಎಂತ ಮಾರಾಯ್ರೇ, ಇವತ್ತು ಎಲ್ಲರೂ ಒಟ್ಟಿಗೆ? ವಿಶೇಷ ಉಂಟಾ?’ ಎಂದು ಕೇಳದೆ ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಈಗಲೂ ಫಲಿತಾಂಶ ಬರುತ್ತದೆ, ಮಕ್ಕಳು ಪಾಸಾಗುತ್ತಾರೆ. ಆದರೆ ‘ಎಲ್ಲಿಗೆ ಹೋಗುವ?’ ಎಂದು ಕೇಳಿದರೆ ಉತ್ತರ ಬೇರೆ. ಪಿಜ್ಜಾ, ಬರ್ಗರ್, ಬಕೆಟ್ ತುಂಬ ಕರಿದ ಕೋಳಿ. ಅಜ್ಜ ‘ಅದೆಂತದ್ದು ಒಣ ರೊಟ್ಟಿ’ ಎಂದು ಗೊಣಗಿದರೂ ಕೊನೆಗೆ ಮೊಮ್ಮಗಳ ಮಾತೇ ಗೆಲ್ಲುತ್ತದೆ. ಕುಳಿತು ಉಣ್ಣುವ ಹೋಟೆಲಿನ ಒಳಕೋಣೆ ಖಾಲಿ ಉಳಿಯುತ್ತದೆ.

ಇದಕ್ಕೆ ಮಕ್ಕಳ ನಾಲಿಗೆಯನ್ನು ದೂರುವವರು ಹಲವರು. ವಿದೇಶಿ ಕಂಪೆನಿಗಳನ್ನು ದೂರುವವರು ಇನ್ನೂ ಹೆಚ್ಚು. ವಿಷಯ ಅಷ್ಟು ಸಲೀಸಾಗಿಲ್ಲ.

ಮೊದಲು ಮಂಗಳೂರು, ಆಮೇಲೆ ಮನೆಬಾಗಿಲು

ಈ ಚೈನ್ ಹೋಟೆಲುಗಳು ದೇಶಕ್ಕೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಕೆ.ಎಫ್.ಸಿ. ಭಾರತದಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದು 1995ರಲ್ಲಿ, ಬೆಂಗಳೂರಿನಲ್ಲಿ. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘದ ಕಾರ್ಯಕರ್ತರು ಆ ಮಳಿಗೆಯ ಮೇಲೆ ದಾಳಿ ಮಾಡಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅದೇ ವರ್ಷ ಮೆಕ್‌ಡೊನಾಲ್ಡ್ಸ್ ಮತ್ತು ಡೊಮಿನೋಸ್ ದಿಲ್ಲಿಯಲ್ಲಿ ಬಾಗಿಲು ತೆರೆದವು.

ಗಡಿಯ ಈಚೆಗಿನ ಕುಟುಂಬಗಳಿಗೆ ಇವುಗಳ ರುಚಿ ಹತ್ತಿದ್ದು ಮಂಗಳೂರಿನಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಆಸ್ಪತ್ರೆಗೂ ಬಟ್ಟೆಗೂ ಕಾಲೇಜಿಗೂ ಮಂಗಳೂರೇ ಪೇಟೆ. 2010ರಲ್ಲಿ ಅಲ್ಲಿ ಸಿಟಿ ಸೆಂಟರ್ ಮಾಲ್, 2014ರಲ್ಲಿ ಪಾಂಡೇಶ್ವರದ ಮಾಲ್ ಶುರುವಾದ ಮೇಲೆ ಅಜ್ಜಿಯನ್ನು ಡಾಕ್ಟರಿಗೆ ತೋರಿಸಲು ಹೋದವರೂ ಫುಡ್‌ಕೋರ್ಟಿಗೆ ಒಂದು ಸುತ್ತು ಹಾಕಿ ಬರುವುದು ರೂಢಿಯಾಯಿತು. ಗಲ್ಫಿನಿಂದ ರಜೆಯಲ್ಲಿ ಬರುವವರ ಮಕ್ಕಳಿಗಂತೂ ಈ ತಿಂಡಿಗಳು ಹೊಸತೇ ಅಲ್ಲ. ಆಮೇಲೆ ಮೊಬೈಲು ಬಂತು. ಈಗ ಬೆರಳು ಒತ್ತಿದರೆ ಪೇಟೆಯ ಮನೆಗಳಿಗೆ ತಿಂಡಿಯೇ ಬಂದು ಬೆಲ್ ಒತ್ತುತ್ತದೆ.

ಕಸಿದದ್ದು ದಿನದ ಊಟವನ್ನಲ್ಲ

ಚೈನ್ ಹೋಟೆಲುಗಳಿಂದ ಎಲ್ಲರಿಗೂ ಒಂದೇ ರೀತಿಯ ಪೆಟ್ಟು ಬಿದ್ದಿಲ್ಲ. ಬೇಕಲದ ಕಡಲತೀರದ ಪಂಚತಾರಾ ರೆಸಾರ್ಟ್‌ಗಳ ಊಟದ ಹಾಲ್‌ಗೆ ಪಿಜ್ಜಾ ಅಂಗಡಿಯಿಂದ ಏನೂ ನಷ್ಟವಿಲ್ಲ. ಅಲ್ಲಿಗೆ ಬರುವವರು ಪ್ರವಾಸಿಗರು, ಕಡಲು ನೋಡುತ್ತ ನಿಧಾನವಾಗಿ ಉಣ್ಣಲೆಂದೇ ಬಂದವರು. ಬಸ್‌ಸ್ಟ್ಯಾಂಡಿನ ಬದಿಯ ಚಾ ಅಂಗಡಿಗೂ ನಷ್ಟವಿಲ್ಲ. ಬೆಳಗ್ಗೆ ಕೂಲಿಗೆ ಹೋಗುವವರು ಬರ್ಗರ್ ತಿಂದು ಹೋಗುವುದಿಲ್ಲ, ಅವರಿಗೆ ಬನ್ಸ್, ಗೋಳಿಬಜೆಯೇ ಬೇಕು.

ಪೆಟ್ಟು ಬಿದ್ದದ್ದು ನಡುವಿನವರಿಗೆ. ಎ.ಸಿ. ಹಾಲ್ ಕಟ್ಟಿಸಿ, ಮೇಜಿಗೆ ಬಟ್ಟೆ ಹಾಸಿ, ಸಪ್ಲಾಯರ್‌ಗಳಿಗೆ ಯೂನಿಫಾರ್ಮ್ ಹೊಲಿಸಿದ ಊರಿನ ದೊಡ್ಡ ಹೋಟೆಲುಗಳಿಗೆ. ಇವುಗಳ ಲೆಕ್ಕಾಚಾರ ಹೊರಗಿನವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಗಿರಾಕಿ ಬರಲಿ ಬಿಡಲಿ, ಬಾಡಿಗೆ, ಭಟ್ಟರ ಸಂಬಳ, ಕರೆಂಟು ಬಿಲ್ಲು ತಪ್ಪುವುದಿಲ್ಲ. ಬೆಳಗ್ಗಿನ ಇಡ್ಲಿ, ಚಾದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆ ಕೊರತೆಯನ್ನು ತುಂಬುತ್ತಿದ್ದದ್ದು ಭಾನುವಾರ ಸಂಜೆಯ ಕುಟುಂಬದ ಬಿಲ್ಲು. ಐದಾರು ಮಂದಿ ಒಟ್ಟಿಗೆ ಕೂತು ನಾನ್, ಪಲ್ಯ, ಗೋಬಿ ಮಂಚೂರಿ, ಜ್ಯೂಸು, ಐಸ್‌ಕ್ರೀಮ್ ಎಂದು ತರಿಸಿದರೆ ಹೋಟೆಲಿಗೆ ನಾಲ್ಕು ಕಾಸು ಉಳಿಯುತ್ತಿತ್ತು. ಚೈನ್ ಹೋಟೆಲುಗಳು ಕಸಿದದ್ದು ಸರಿಯಾಗಿ ಅದೇ ಬಿಲ್ಲನ್ನು. ಹುಟ್ಟುಹಬ್ಬ, ಮೊದಲ ಸಂಬಳ, ಪರೀಕ್ಷೆಯ ಫಲಿತಾಂಶ, ಎಲ್ಲವೂ ಅತ್ತ ಹೋದವು. ಇತ್ತ ಉಳಿದದ್ದು ಒಂಟಿಯಾಗಿ ಬಂದು ಒಂದು ಚಾ ಕುಡಿದು ಪೇಪರ್ ಓದಿ ಹೋಗುವವರು.

ಹಾಗಾಗಿ ಬೆಳಗ್ಗಿನ ಇಡ್ಲಿಯ ದರ ಏರಿದರೆ ಅದಕ್ಕೆ ಉದ್ದಿನಬೇಳೆಯ ದರ ಒಂದೇ ಕಾರಣವಲ್ಲ. ಸಂಜೆಯ ಟೇಬಲ್ ಖಾಲಿಯಾದದ್ದೂ ಕಾರಣ.

ನೆಲ ಡೊಂಕೋ, ಕುಣಿತ ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಹೋಟೆಲಿನವರೂ ಸ್ವಲ್ಪ ಕನ್ನಡಿ ನೋಡಿಕೊಳ್ಳುವುದು ಒಳ್ಳೆಯದು. ಗಿರಾಕಿಗಳು ಹೇಳುವುದನ್ನು ಕೇಳಿದರೆ ರುಚಿಯ ದೂರು ಕಡಿಮೆ. ‘ದೋಸೆ ಒಳ್ಳೆಯದೇ, ಆದರೆ ಟಾಯ್ಲೆಟ್ಟಿಗೆ ಹೆಂಗಸರು ಹೋಗುವ ಹಾಗಿಲ್ಲ.’ ‘ಮೇಜು ಒರೆಸುವ ಬಟ್ಟೆ ನೋಡಿದರೆ ಹಸಿವೆಯೇ ಹೋಗುತ್ತದೆ.’ ‘ತಿಂದು ಮುಗಿಯುವ ಮೊದಲೇ ಬಿಲ್ಲು ತಂದಿಟ್ಟು ಮುಖ ನೋಡುತ್ತಾರೆ.’ ದೂರುಗಳೆಲ್ಲ ಇಂಥವೇ.

ಚೈನ್ ಹೋಟೆಲಿನಲ್ಲಿ ಏನು ಸಿಗುತ್ತದೆ? ದರ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ, ಫೋಟೋ ಸಮೇತ. ಇವತ್ತಿನ ಪಿಜ್ಜಾ ನಾಳೆಯೂ ಹಾಗೆಯೇ ಇರುತ್ತದೆ, ಯಾಕೆಂದರೆ ಅದರ ಹಿಟ್ಟು ಕಂಪೆನಿಯ ಒಂದು ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ ತಂಪು ಗಾಡಿಯಲ್ಲಿ ಮಳಿಗೆಗಳಿಗೆ ಹೋಗುತ್ತದೆ. ಕಾಲೇಜು ಮಕ್ಕಳು ಒಂದು ಕೋಲಾ ಹಿಡಿದು ಹರಟುತ್ತ ಕೂತರೂ ‘ಏಳಿ’ ಎನ್ನುವವರಿಲ್ಲ. ಹದಿನಾರು ಹದಿನೇಳರ ಹುಡುಗಿಯರು ನಾಲ್ಕು ಮಂದಿ ಧೈರ್ಯವಾಗಿ ಹೋಗಿ ಕೂರಬಹುದು. ಮಕ್ಕಳು ಅಲ್ಲಿ ದುಡ್ಡು ಕೊಡುವುದು ರೊಟ್ಟಿಗಿಂತ ಹೆಚ್ಚು ಈ ಭರವಸೆಗೆ.

ಇನ್ನೊಂದು ಮಾತು. ಆ ಕಂಪೆನಿಗಳು ನಮ್ಮಿಂದ ಕಲಿತವು. ಮೆಕ್‌ಡೊನಾಲ್ಡ್ಸ್ ಈ ದೇಶದಲ್ಲಿ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟಿತು, ಬಟಾಟೆಯ ಟಿಕ್ಕಿಯನ್ನು ಬನ್ನಿನೊಳಗೆ ಇಟ್ಟಿತು, ಸಸ್ಯಾಹಾರದ ಅಡುಗೆಯನ್ನು ಬೇರೆ ಮಾಡಿತು. ನಾವು ಅವರಿಂದ ಒಂದು ಒಳ್ಳೆಯ ಕೈತೊಳೆಯುವ ಬೇಸಿನ್ ಇಡುವುದನ್ನೂ ಕಲಿಯಬಾರದೇ?

ತೆರಿಗೆಯಿಂದ ಆಗುವ ಕೆಲಸವಲ್ಲ

ಸರಕಾರ ಇದಕ್ಕೆ ಮದ್ದು ಮಾಡಲು ಹೋದದ್ದೂ ಉಂಟು. 2016ರ ಜುಲೈಯಲ್ಲಿ ಕೇರಳದ ಹಣಕಾಸು ಸಚಿವ ಟಿ.ಎಂ. ಥಾಮಸ್ ಐಸಾಕ್ ತಮ್ಮ ಬಜೆಟಿನಲ್ಲಿ ಬ್ರಾಂಡೆಡ್ ಹೋಟೆಲುಗಳ ಬರ್ಗರ್, ಪಿಜ್ಜಾಗಳಂಥ ತಿಂಡಿಗಳ ಮೇಲೆ ಶೇ. 14.5ರ ‘ಕೊಬ್ಬಿನ ತೆರಿಗೆ’ ಹಾಕಿದರು. ಒಂದು ವರ್ಷವೂ ತುಂಬುವ ಮೊದಲೇ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಅದು ಇಲ್ಲವಾಯಿತು. ಅದೇ ನವೆಂಬರ್ 15ರಿಂದ ಎ.ಸಿ. ಇರಲಿ ಇಲ್ಲದಿರಲಿ, ಚೈನ್ ಇರಲಿ ಒಂಟಿ ಹೋಟೆಲ್ ಇರಲಿ, ಸಾಮಾನ್ಯವಾಗಿ ಶೇ. 5ರ ದರ. ದುಬಾರಿ ಕೋಣೆಗಳ ದೊಡ್ಡ ಲಾಡ್ಜುಗಳ ಒಳಗಿನ ರೆಸ್ಟೋರೆಂಟುಗಳಿಗೆ ಮಾತ್ರ ಶೇ. 18. ಅಂದರೆ ತೆರಿಗೆಯ ಆಸರೆ ಊರಿನ ಹೋಟೆಲಿಗೆ ಇಲ್ಲ.

ಚೈನ್ ಹೋಟೆಲಿನ ತಿಂಡಿಯನ್ನು ಅರೆಬರೆ ನಕಲು ಮಾಡುವುದಂತೂ ಅಪಾಯದ ದಾರಿ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ಜೀವ ಕಳಕೊಂಡದ್ದನ್ನು, ಹಲವರು ಆಸ್ಪತ್ರೆ ಸೇರಿದ್ದನ್ನು ಯಾರೂ ಮರೆತಿಲ್ಲ. 2023ರ ಜನವರಿಯಲ್ಲಿ ರಾಜ್ಯ ಸರಕಾರ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು. ಪಾರ್ಸೆಲಿನ ಮೇಲೆ ತಯಾರಿಸಿದ ಸಮಯದ ಸ್ಟಿಕ್ಕರ್ ಕಡ್ಡಾಯ ಮಾಡಿತು. ದೊಡ್ಡ ಕಂಪೆನಿಯ ತಂಪು ಪೆಟ್ಟಿಗೆಯೂ ತಪಾಸಣೆಯೂ ಇಲ್ಲದೆ ಅವರ ಮೆನು ಮಾತ್ರ ತಂದರೆ ಗಿರಾಕಿಯ ಆರೋಗ್ಯಕ್ಕೂ ಹೋಟೆಲಿನ ಹೆಸರಿಗೂ ಕೇಡು.

ಬೋರ್ಡಿನಲ್ಲಿ ನೀರುದೋಸೆ ಇರಲಿ

ಕನ್ನಡಿಗರಿಗೆ ವೇಗದ ಊಟ ಗೊತ್ತಿಲ್ಲದ್ದೇನಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ನಿಂತು ತಿನ್ನುವ, ಮೊದಲೇ ಚೀಟಿ ಪಡೆಯುವ, ಕಣ್ಣೆದುರೇ ದೋಸೆ ಹುಯ್ಯುವ ಪದ್ಧತಿ ಜನಪ್ರಿಯವಾಗಿ ನಗರದ ತುಂಬ ಹರಡಿತು. ಕೆ.ಎಫ್.ಸಿ. ಬರುವ ಹನ್ನೆರಡು ವರ್ಷ ಮೊದಲಿನ ಮಾತಿದು. ಹೊರಗಿನ ಪದ್ಧತಿ ನಮ್ಮ ಇಡ್ಲಿಗೆ ಒಗ್ಗಿತು, ಇಡ್ಲಿ ಇಡ್ಲಿಯಾಗಿಯೇ ಉಳಿಯಿತು.

ಕುಳಿತು ಉಣ್ಣುವ ಹೋಟೆಲು ವೇಗದಲ್ಲಿ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ. ಚೈನ್ ಹೋಟೆಲಿಗೆ ಆಗದ್ದು ಅದರ ಕೈಯಲ್ಲಿ ಉಂಟು. ಆಟಿಯಲ್ಲಿ ಪತ್ರೊಡೆ, ಮಾವಿನ ಕಾಲದಲ್ಲಿ ಕಾಟುಮಾವಿನ ಗೊಜ್ಜು, ಹಲಸಿನ ಕಾಲದಲ್ಲಿ ಗುಜ್ಜೆ ಪಲ್ಯ, ದಿನವೂ ಬಿಸಿ ನೀರುದೋಸೆ. ಇದನ್ನು ಯಾವ ಕಂಪೆನಿಯ ದೊಡ್ಡ ಅಡುಗೆಮನೆಯೂ ಗಾಡಿಯಲ್ಲಿ ಕಳಿಸಲಾರದು. ಅದರ ಜೊತೆಗೆ ಸ್ವಚ್ಛ ಟಾಯ್ಲೆಟ್, ಕಾಣುವ ಹಾಗೆ ದರಪಟ್ಟಿ, ಮಕ್ಕಳ ಹುಟ್ಟುಹಬ್ಬಕ್ಕೆ ಮೊದಲೇ ಹೇಳಿದರೆ ಕಾದಿಡುವ ಒಂದು ಟೇಬಲ್, ಅವಸರ ಮಾಡದ ಸಪ್ಲಾಯರ್. ಇಷ್ಟಿದ್ದರೆ ಮೊಮ್ಮಗಳೂ ಅಜ್ಜನೂ ಒಂದೇ ಮೇಜಿಗೆ ಬಂದಾರು.

ಗಡಿನಾಡಿನ ಮನೆಗಳಿಗೆ ಇದರಲ್ಲಿ ಇನ್ನೊಂದು ನಷ್ಟವೂ ಉಂಟು. ಪೇಟೆಯಲ್ಲಿ ಮಕ್ಕಳು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯುತ್ತಿದ್ದ ಜಾಗಗಳಲ್ಲಿ ಹೋಟೆಲೂ ಒಂದು. ‘ಎಂತ ಬೇಕು ಮಗಾ?’ ಎಂದು ಕೇಳುವ ಸಪ್ಲಾಯರ್, ಸುಣ್ಣದ ಅಕ್ಷರದಲ್ಲಿ ‘ಇಂದಿನ ವಿಶೇಷ’ ಎಂದು ಬರೆದ ಕಪ್ಪು ಹಲಗೆ. ಗಾಜಿನ ಬಾಗಿಲಿನ ಆಚೆಗಿನ ಮೆನುವಿನಲ್ಲಿ ಆ ಅಕ್ಷರಗಳಿಲ್ಲ. ಹೋಟೆಲು ಮುಚ್ಚಿದರೆ ಆ ಹಲಗೆಯೂ ಇಳಿಯುತ್ತದೆ.

ಆದ್ದರಿಂದ ಕೆಲಸ ಇಬ್ಬರದೂ ಉಂಟು. ಹೋಟೆಲಿನವರು ಮೇಜು ಒರೆಸುವ ಬಟ್ಟೆ ಬದಲಿಸಲಿ. ಮನೆಯವರು ಪಿಜ್ಜಾ ಬೇಡವೆಂದು ಮಕ್ಕಳನ್ನು ಗದರಿಸುವುದು ಬೇಡ, ವರ್ಷದ ನಾಲ್ಕು ವಿಶೇಷ ದಿನಗಳಲ್ಲಿ ಎರಡನ್ನಾದರೂ ಊರಿನ ಹೋಟೆಲಿಗೆ ಕೊಡಲಿ. ಯಜಮಾನರು ಗಲ್ಲಾದಿಂದ ತಲೆಯೆತ್ತಿ ‘ಮಾರ್ಕು ಎಷ್ಟು ಬಂತು?’ ಎಂದು ಕೇಳುವ ಊಟಕ್ಕೆ ಬಿಲ್ಲಿನಲ್ಲಿ ಬೇರೆ ದರ ಹಾಕುವುದಿಲ್ಲ.