ಬಡ್ತಿ ಸಿಕ್ಕಿದ ಮೇಲಿನ ವರ್ಷ

ಆಫೀಸಿನಲ್ಲಿ ಬಡ್ತಿ ಸಿಕ್ಕಿದರೆ ಸ್ವೀಟ್ ಬಾಕ್ಸ್ ತರ್ತೀವಿ, ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕ್ತೀವಿ, ಮುಗೀತು. ಹೊಸ ಜವಾಬ್ದಾರಿ ಒಂದು ವರ್ಷ ಸರಿಯಾಗಿ ಕೈಗೆ ಹತ್ತದಿದ್ದರೂ ಸಾಮಾನ್ಯವಾಗಿ ಯಾರೂ ನಮ್ಮನ್ನು ಹಳೇ ಹುದ್ದೆಗೆ ವಾಪಸ್ ಕಳಿಸೋದಿಲ್ಲ. ಫುಟ್‌ಬಾಲ್ ಕ್ಲಬ್‌ಗಳಿಗೆ ಆ ಸೌಲಭ್ಯ ಇಲ್ಲ. ಗೆದ್ದರೆ ಮೇಲಿನ ಡಿವಿಷನ್, ಅಲ್ಲಿ ಕೊನೆಯ ಸಾಲಿನಲ್ಲಿ ಉಳಿದರೆ ಮತ್ತೆ ಕೆಳಗೆ. ವರ್ಷಕ್ಕೊಂದು ಸಲ ಲೆಕ್ಕ ಚುಕ್ತಾ.

ಇವತ್ತು ಅಂಥ ಒಂದು ಕ್ಲಬ್ ಬಗ್ಗೆ ಬರೀಬೇಕು ಅನ್ನಿಸ್ತು. ಹೆಸರು ಎಸ್‌ಸಿ ಬೆಂಗಳೂರು. ಗಮನಿಸಿ, ಸುನಿಲ್ ಛೆಟ್ರಿಯಿಂದಾಗಿ ನಮಗೆಲ್ಲ ಗೊತ್ತಿರುವ ಬೆಂಗಳೂರು ಎಫ್‌ಸಿ ಅಲ್ಲ. ಅದು 2013ರಲ್ಲಿ ದೊಡ್ಡ ಕಂಪನಿಯೊಂದು ಕಟ್ಟಿ, ನೇರವಾಗಿ ಐ-ಲೀಗ್‌ಗೆ ತಂದು ನಿಲ್ಲಿಸಿದ ತಂಡ. ಮೊದಲ ಸೀಸನ್‌ನಲ್ಲೇ ಕಪ್ ಗೆದ್ದಿತು. ಎಸ್‌ಸಿ ಬೆಂಗಳೂರು ಬಂದದ್ದು ಮೆಟ್ಟಿಲು ಹತ್ತಿಕೊಂಡು. 2023-24ರಲ್ಲಿ ದೇಶದ ಮೂರನೇ ಹಂತದ ಲೀಗ್ ಆದ ಐ-ಲೀಗ್ 2 ಗೆದ್ದು, ಎರಡನೇ ಹಂತದ ಐ-ಲೀಗ್‌ಗೆ ಬಡ್ತಿ ಪಡೆಯಿತು. 2024ರ ನವೆಂಬರ್‌ನಲ್ಲಿ ಹೊಸ ಸೀಸನ್ ಶುರುವಾಯ್ತು. 12 ತಂಡ, ಒಂದೊಂದಕ್ಕೆ 22 ಪಂದ್ಯ. 2025ರ ಏಪ್ರಿಲ್‌ನಲ್ಲಿ ಲೀಗ್ ಮುಗಿದಾಗ ಕೆಳಗಿನ ಎರಡು ಸ್ಥಾನದಲ್ಲಿದ್ದದ್ದು ಡೆಲ್ಲಿ ಎಫ್‌ಸಿ ಮತ್ತು ನಮ್ಮ ಎಸ್‌ಸಿ ಬೆಂಗಳೂರು. ಒಂದೇ ವರ್ಷಕ್ಕೆ ವಾಪಸ್.

"ಮೇಲೆ ಆಡೋ ಯೋಗ್ಯತೆ ಇರಲಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡಬಹುದು. ಆದರೆ ಬಡ್ತಿ ಸಿಕ್ಕಿದ ಕೂಡಲೇ ಏನೇನು ಬದಲಾಗುತ್ತೆ ನೋಡಿ. ಮೊದಲನೆಯದು ಪ್ರಯಾಣ. ಐಜ್ವಾಲ್, ಶಿಲ್ಲಾಂಗ್, ಶ್ರೀನಗರ, ಗೋವಾ, ಕೋಝಿಕ್ಕೋಡ್, ಪಂಜಾಬ್... ಹೀಗೆ 11 ಪಂದ್ಯ ಹೊರ ಊರುಗಳಲ್ಲಿ. ಚಳಿಗಾಲದ ಶ್ರೀನಗರ ಒಂದು ವಾರ, ಬಿಸಿಲಿನ ಗೋವಾ ಇನ್ನೊಂದು ವಾರ. ವಿಮಾನ, ಹೋಟೆಲ್, ಊಟ ಎಲ್ಲ ಸೇರಿ ಖರ್ಚು ಏರುತ್ತೆ. ಎರಡನೆಯದು ಎದುರಾಳಿ. ಅಲ್ಲಿ ವಿದೇಶಿ ಆಟಗಾರರಿರುವ, ವರ್ಷಗಳಿಂದ ಅದೇ ಲೀಗ್‌ನಲ್ಲಿ ಪಳಗಿದ ತಂಡಗಳಿರುತ್ತವೆ. ಮೂರನೆಯದು ತಂಡದ ಒಳಗಿನ ಇಕ್ಕಟ್ಟು. ಗೆಲ್ಲಿಸಿಕೊಟ್ಟ ಹುಡುಗರನ್ನೇ ಉಳಿಸ್ಕೋಬೇಕಾ, ಹೊಸಬರನ್ನು ತರಬೇಕಾ? ಉಳಿಸಿಕೊಂಡರೆ ಶಕ್ತಿ ಸಾಲದು ಅಂತಾರೆ, ಬದಲಾಯಿಸಿದರೆ ಹೊಂದಾಣಿಕೆ ಹೋಯ್ತು ಅಂತಾರೆ.

ನಮ್ಮ ಭಾಷೇಲಿ ಹೇಳೋದಾದ್ರೆ, ಸಾವಿರ ಬಳಕೆದಾರರಿಗೆ ಅಂತ ಕಟ್ಟಿದ ಆ್ಯಪ್‌ಗೆ ರಾತ್ರೋರಾತ್ರಿ ಲಕ್ಷ ಜನ ಬಂದ ಹಾಗೆ. ಕೋಡ್ ನಿನ್ನೆ ಇದ್ದದ್ದೇ, ಆದರೆ ಸರ್ವರ್ ತಡಿಯಲ್ಲ.

ದುಡ್ಡಿರುವ ಕಡೆಯೂ ಕಥೆ ಬೇರೆ ಇಲ್ಲ. ಇಂಗ್ಲೆಂಡಿನ ಲೂಟನ್ ಟೌನ್ 2013-14ರಲ್ಲಿ ಐದನೇ ಹಂತದಲ್ಲಿತ್ತು. 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿತು. ಅವರ ಹಳೇ ಸ್ಟೇಡಿಯಂಗೆ ಎದುರಾಳಿ ಅಭಿಮಾನಿಗಳು ಮನೆಗಳ ಸಾಲಿನ ನಡುವಿನ ಬಾಗಿಲಿನಿಂದ ಒಳಗೆ ಹೋಗಬೇಕು. ಅದನ್ನು ದೊಡ್ಡ ಲೀಗ್‌ನ ನಿಯಮಕ್ಕೆ ತರೋದಕ್ಕೇ ಸುಮಾರು ಒಂದು ಕೋಟಿ ಪೌಂಡ್ ಸುರಿಯಬೇಕಾಯ್ತು. 2024ರಲ್ಲಿ ಕೆಳಗೆ ಬಿತ್ತು. ಆ ವರ್ಷ ಬಡ್ತಿ ಪಡೆದಿದ್ದ ಮೂರೂ ತಂಡಗಳು ಬಿದ್ದವು. ಮುಂದಿನ ವರ್ಷ ಬಂದ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಕೂಡ ಹಾಗೇ ಬಿದ್ದವು. ಅಷ್ಟೇ ಅಲ್ಲ, ಲೂಟನ್ 2025ರಲ್ಲಿ ಇನ್ನೊಂದು ಹಂತ ಕೆಳಗೆ ಇಳಿಯಿತು.

ಈ ವಿಷಯ ನಾನು ಫೋನಿನಲ್ಲಿ ತುರುವೇಕೆರೆ ಹತ್ತಿರದ ಊರಿನಲ್ಲಿರುವ ದೊಡ್ಡಪ್ಪನಿಗೆ ಹೇಳ್ತಿದ್ದೆ. ನಮ್ಮ ಕಡೆ ವಾಲಿಬಾಲ್, ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ನಡೆಯುವಷ್ಟು ಫುಟ್‌ಬಾಲ್ ನಡೆಯಲ್ಲ. ದೊಡ್ಡಪ್ಪನಿಗೆ ಆಫ್‌ಸೈಡ್ ಅಂದ್ರೆ ಏನು ಅಂತಲೂ ಗೊತ್ತಿಲ್ಲ.

"ಗೆದ್ದೋರನ್ನ ಮೇಲಕ್ಕೆ ಹಾಕ್ತಾರೆ ಅಂತೀಯ, ಮೇಲಕ್ಕೆ ಹೋಗಿ ಸೋಲ್ತಾರೆ ಅಂತೀಯ. ಇದೆಂಥ ಆಟನಪ್ಪ?"

"ಬಿದ್ದ ಮೇಲೆ ಮುಗೀತಲ್ವಾ ದೊಡ್ಡಪ್ಪ, ಅದೇ ಬೇಜಾರು" ಅಂದೆ.

"ಅದ್ಯಾಕೆ ಮುಗೀತದೆ? ಈ ವರ್ಷ ಮಳೆ ಕೈಕೊಟ್ರೆ ತೆಂಗಲ್ಲಿ ಈ ವರ್ಷವೇ ಕಾಯಿ ಕಮ್ಮಿಯಾಗುತ್ತಾ? ಮರ ತಡ್ಕೊಳ್ಳುತ್ತೆ. ಮುಂದಿನ ವರ್ಷ, ಅದರಾಚೆ ವರ್ಷ ಗೊತ್ತಾಗೋದು. ನೀರು ಕೊಟ್ರೂ ಅಷ್ಟೇ ಕಣೋ. ಇವತ್ತು ಕೊಟ್ಟು ನಾಳೆ ಮರದ ಮೇಲೆ ಎಣಿಸೋಕಾಗಲ್ಲ."

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಹತ್ತಿರ ಹತ್ತಿರ ಒಂದು ವರ್ಷ. ಆಮೇಲೆ ಉಂಡೆ ಕೊಬ್ಬರಿ ಆಗಬೇಕಾದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಅವಸರ ಮಾಡಿ ಒಡೆದರೆ ಅದು ಉಂಡೆಯಾಗಿ ಬರೋದಿಲ್ಲ. ಇವತ್ತು ಮಾರುಕಟ್ಟೆಗೆ ಹೋಗುವ ಮೂಟೆಯಲ್ಲಿರೋದು ಎಂದೋ ಕೊಟ್ಟ ನೀರು.

ಫುಟ್‌ಬಾಲ್‌ನಲ್ಲೂ ಹೀಗೆ ನಡೆದಿದೆಯಾ ಅಂತ ಯೋಚಿಸಿದಾಗ ನೆನಪಾದದ್ದು ಐಜ್ವಾಲ್ ಎಫ್‌ಸಿ. ಮಿಜೋರಾಂನ ಈ ಕ್ಲಬ್ 2015ರಲ್ಲಿ ಎರಡನೇ ಡಿವಿಷನ್ ಗೆದ್ದು ಐ-ಲೀಗ್‌ಗೆ ಬಂತು. 2015-16 ಮೊದಲ ಸೀಸನ್. ಲೀಗ್‌ನಲ್ಲಿ ಎಡವಿ ಹಿಂಬಡ್ತಿ ಆಯ್ತು. ಆದರೆ ಅದೇ ಸೀಸನ್‌ನಲ್ಲಿ ಅದೇ ಹುಡುಗರು ಫೆಡರೇಷನ್ ಕಪ್ ಫೈನಲ್‌ವರೆಗೆ ಹೋಗಿದ್ದರು ಅನ್ನೋದನ್ನು ಅಂಕಪಟ್ಟಿ ತೋರಿಸಲಿಲ್ಲ. ಆಮೇಲೆ ಗೋವಾದ ಕ್ಲಬ್‌ಗಳು ಲೀಗ್‌ನಿಂದ ಹಿಂದೆ ಸರಿದವು, ಐಜ್ವಾಲ್‌ಗೆ ಮತ್ತೆ ಜಾಗ ಸಿಕ್ಕಿತು. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ 1-1 ಡ್ರಾ ಮಾಡಿಕೊಂಡು ಇಡೀ ಐ-ಲೀಗ್ ಗೆದ್ದೇಬಿಟ್ಟಿತು! ಈಶಾನ್ಯದ ಕ್ಲಬ್ ಒಂದು ದೇಶದ ಚಾಂಪಿಯನ್ ಆದದ್ದು ಅದೇ ಮೊದಲು. ಕೋಚ್ ಆಗಿದ್ದವರು ಖಾಲಿದ್ ಜಮೀಲ್. 2025ರಲ್ಲಿ ಭಾರತ ತಂಡದ ಕೋಚ್ ಆದವರು ಅವರೇ.

ಅದೃಷ್ಟ ಇತ್ತು, ಒಪ್ಪೋಣ. ಆದರೆ ಬಾಗಿಲು ಮತ್ತೆ ತೆರೆದಾಗ ಒಳಗೆ ಹೋಗೋಕೆ ಕ್ಲಬ್ ಎದ್ದು ನಿಂತಿತ್ತು. ಬಿದ್ದ ಕೂಡಲೇ ಬೀಗ ಹಾಕಿದ್ದರೆ ಅದೃಷ್ಟ ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಉಲ್ಟಾ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಎಚ್‌ಎಎಲ್ ತಂಡ. 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ-ಲೀಗ್‌ಗೆ ಬಂತು. ವಿದೇಶಿ ಆಟಗಾರರಿಲ್ಲದೆ, ನಮ್ಮ ದೇಶದ ಹುಡುಗರನ್ನೇ ಇಟ್ಟುಕೊಂಡು ಆಡಿತು. ಮೊದಲ ವರ್ಷ ಹೇಗೋ ಉಳಿಯಿತು, ಎರಡನೇ ವರ್ಷ, ಅಂದ್ರೆ 2011-12ರಲ್ಲಿ, ಕೊನೆಯ ಸ್ಥಾನ. ಅಲ್ಲಿಂದ ಇಳಿದದ್ದು ಮತ್ತೆ ಮೇಲೆ ಬರಲೇ ಇಲ್ಲ. ಐಟಿಐ, ಬಿಇಎಂಎಲ್, ಎಂಇಜಿ ಅಂತ ಒಂದು ಕಾಲದಲ್ಲಿ ಬೆಂಗಳೂರಿನ ಮೈದಾನಗಳನ್ನು ತುಂಬಿಸಿದ ಹೆಸರುಗಳು ಇವತ್ತು ನನ್ನ ವಯಸ್ಸಿನವರಿಗೆ ಬಸ್ ಸ್ಟಾಪ್‌ನ ಹಾಗೆ ಕೇಳಿಸುತ್ತವೆ.

ಆಟಗಾರರಿಲ್ಲ ಅಂತಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ಹುಡುಗರು ವಾರವಾರ ದೇಶದ ಮಟ್ಟದಲ್ಲಿ ಆಡೋಕೆ ಇಲ್ಲೇ ಒಂದು ಮಧ್ಯದ ಮೆಟ್ಟಿಲು ಬೇಕಲ್ಲ? ಬೆಂಗಳೂರು ಎಫ್‌ಸಿಯ ಮೊದಲ ತಂಡದಲ್ಲಿ ಎಷ್ಟು ಜನಕ್ಕೆ ಜಾಗ ಸಿಗುತ್ತೆ? ಎಸ್‌ಸಿ ಬೆಂಗಳೂರು ಬಿದ್ದಾಗ ಹೋದದ್ದು ಆ ಮೆಟ್ಟಿಲು. ಒಂದು ಕ್ಲಬ್‌ನ ಮಾನದ ಪ್ರಶ್ನೆಗಿಂತ ಇದು ದೊಡ್ಡದು.

ಹಾಗಾಗಿ ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಬಿದ್ದ ವರ್ಷವಲ್ಲ, ಬಿದ್ದ ಮೇಲಿನ ವರ್ಷ. ಪ್ರಾಯೋಜಕರು ಫೋನ್ ಎತ್ತದೆ ಇರೋದು, ಒಳ್ಳೇ ಆಟಗಾರರು ಬೇರೆ ಕಡೆ ನೋಡೋದು, ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯೂ ಬಾರದೆ ಇರೋದು ಆಗಲೇ. ನೀರು ಬೇಕಾಗಿರೋದೂ ಆಗಲೇ. ಕಪ್ ಎತ್ತಿದ ದಿನ ಸ್ಟೇಟಸ್ ಹಾಕೋಕೆ ಜನ ತಾನಾಗೇ ಬರ್ತಾರೆ.

ನಾವೇನು ಮಾಡಬಹುದು? ನಾವು ಪ್ರಾಯೋಜಕರಲ್ಲ, ಸಂಬಳದಲ್ಲಿ ಇಎಂಐ ಕಟ್ಟೋರು. ಆದರೆ ಬೆಂಗಳೂರಿನಲ್ಲಿ ಇರೋರಿಗೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ದೂರ ಅಲ್ಲ. ರಾಜ್ಯ ಸಂಸ್ಥೆಯ ಸೂಪರ್ ಡಿವಿಷನ್, ಎ ಡಿವಿಷನ್ ಪಂದ್ಯಗಳು ಅಲ್ಲಿ ನಡೀತಿರುತ್ತವೆ. ರಾತ್ರಿ ಒಂದೂವರೆಗೆ ಎದ್ದು ಲಂಡನ್ನಿನ ಪಂದ್ಯ ನೋಡೋ ನಾವು, ಒಂದು ಶನಿವಾರ ಸಂಜೆ ಮೆಟ್ರೊ ಹತ್ತಿ ಅಲ್ಲಿಗೆ ಹೋಗಿ ಕೂತರೆ ಗಂಟೇನೂ ಹೋಗಲ್ಲ. ಖಾಲಿ ಸ್ಟ್ಯಾಂಡ್‌ನಲ್ಲಿ ಇಪ್ಪತ್ತು ಜನ ಕೂಗಿದರೂ ಆಡೋ ಹುಡುಗನಿಗೆ ಕೇಳಿಸುತ್ತೆ.