ಅಣ್ಣನ ಬಯಾಪ್ಸಿ, ತಂಗಿಯ ಪಾಲಿನ ಎಚ್ಚರಿಕೆ

ದೊಡ್ಡಕರುಳಿನ ಕ್ಯಾನ್ಸರ್ ವಯಸ್ಸಾದವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಮೂವತ್ತೆಂಟರ ಗಂಡಸು ಮಲದಲ್ಲಿ ರಕ್ತ ಹೋಗುತ್ತಿದೆ ಎಂದರೆ ಮನೆಯವರು ಮೂಲವ್ಯಾಧಿ ಎನ್ನುತ್ತಾರೆ, ಮೆಡಿಕಲ್ ಶಾಪಿನವರು ಮುಲಾಮು ಕೊಡುತ್ತಾರೆ, ಪಕ್ಕದ ಊರಿನ ನಾಟಿ ಔಷಧಿಯವರ ವಿಳಾಸವೂ ಸಿಗುತ್ತದೆ. ಆರೆಂಟು ತಿಂಗಳು ಹೀಗೇ ಕಳೆದು, ಕೊನೆಗೆ ಯಾರೋ ಕೊಲೊನೋಸ್ಕೋಪಿ ಮಾಡಿಸುವ ಹೊತ್ತಿಗೆ ಗೆಡ್ಡೆ ಕರುಳಿನ ಗೋಡೆ ದಾಟಿರುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಈ ಕಾಯಿಲೆಯಿಂದ ಬಂದವರ ಲೆಕ್ಕ ನೋಡಿದಾಗ ಅರ್ಧದಷ್ಟು ಜನ ಐವತ್ತು ತುಂಬದವರೇ ಆಗಿದ್ದರು. ಒಟ್ಟು ಸಂಖ್ಯೆಯಲ್ಲಿ ಈ ಕ್ಯಾನ್ಸರ್ ನಮ್ಮಲ್ಲಿ ಅಮೆರಿಕ, ಯುರೋಪಿಗಿಂತ ಕಡಿಮೆ. ಆದರೆ ಬಂದವರಲ್ಲಿ ಕಿರಿಯರ ಪಾಲು ದೊಡ್ಡದು.

ಈ ವಿಳಂಬದ ಬಗ್ಗೆ ಆಗಾಗ ಬರೆಯುವವರಿದ್ದಾರೆ. ನಮ್ಮನ್ನು ಹೆಚ್ಚು ಕಾಡುತ್ತಿರುವುದು ಆಪರೇಷನ್ ಮುಗಿದ ಮೇಲೆ ನಡೆಯದೇ ಉಳಿಯುವ ಒಂದು ಕೆಲಸ. ಆ ಮೂವತ್ತೆಂಟರ ಗಂಡಸಿನ ಗೆಡ್ಡೆಯಲ್ಲಿ ಅವನ ತಂಗಿಗೆ, ತಮ್ಮನಿಗೆ, ಮಕ್ಕಳಿಗೆ ಸೇರಬೇಕಾದ ಎಚ್ಚರಿಕೆ ಇರಬಹುದು. ಅದನ್ನು ಓದಿ ಅವರಿಗೆ ಮುಟ್ಟಿಸುವ ಹೊಣೆ ಇಂದು ಯಾರ ಮೇಲೂ ಇಲ್ಲ.

ಕಾಯಿಲೆ ಮನೆತನದಲ್ಲಿ ಹರಿದುಬರುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. 1895ರಲ್ಲಿ ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಹೊಲಿಗೆ ಕೆಲಸದ ಹೆಣ್ಣುಮಗಳೊಬ್ಬಳು, ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆಯ, ಕರುಳಿನ ಇಲ್ಲವೇ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಹೋಗುತ್ತಾರೆ, ನಾನೂ ಹಾಗೇ ಹೋಗುವವಳು ಎಂದು ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರಿಗೆ ಹೇಳಿದಳು. ಅವಳು ಹೇಳಿದಂತೆಯೇ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಳು. ವಾರ್ತಿನ್ ಆ ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ. 1960ರ ದಶಕದಲ್ಲಿ ಓಮಾಹಾದ ವೈದ್ಯ ಹೆನ್ರಿ ಲಿಂಚ್ ಇಂಥದೇ ಕುಟುಂಬಗಳನ್ನು ಹುಡುಕಿ ಹೊರಟಾಗಲೂ ಅನುಮಾನಿಸಿದವರೇ ಹೆಚ್ಚು. 1993ರಲ್ಲಿ ಎಂಎಸ್‌ಎಚ್2 ಎಂಬ ಜೀನ್ ಪತ್ತೆಯಾಯಿತು. ಆ ಹೊಲಿಗೆಯವಳ ವಂಶದಲ್ಲಿ ಹರಿದುಬಂದಿದ್ದ ದೋಷವೂ ಇದೇ ಜೀನ್‌ನಲ್ಲಿತ್ತೆಂದು ಮುಂದೆ ಖಚಿತವಾಯಿತು. ಮನೆಮಂದಿಗೆ ಗೊತ್ತಿದ್ದದ್ದನ್ನು ವಿಜ್ಞಾನ ಒಪ್ಪಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಇಂದು ಇದಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರಿದೆ. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಡಿಎನ್‌ಎಯ ಪ್ರತಿ ತಯಾರಾಗಬೇಕು, ಆ ಪ್ರತಿಯಲ್ಲಿ ತಪ್ಪುಗಳು ನುಸುಳುತ್ತವೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಜೀನ್‌ಗಳು ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವವರಂತೆ ಆ ತಪ್ಪುಗಳನ್ನು ಹಿಡಿಯುತ್ತವೆ. ಇವುಗಳಲ್ಲೊಂದರ ದೋಷವುಳ್ಳ ಪ್ರತಿ ತಂದೆಯಿಂದಲೋ ತಾಯಿಯಿಂದಲೋ ಬಂದಿದ್ದರೆ, ಜೀವಿತದಲ್ಲಿ ಎಂದೋ ಒಂದು ದಿನ ಉಳಿದ ಒಳ್ಳೆಯ ಪ್ರತಿಯೂ ಯಾವುದೋ ಕೋಶದಲ್ಲಿ ಕೆಡುತ್ತದೆ, ತಪ್ಪುಗಳು ಪೇರುತ್ತ ಹೋಗುತ್ತವೆ. ಮೊದಲೆರಡು ಜೀನ್‌ಗಳಲ್ಲಿ ದೋಷವಿರುವವರಿಗೆ ಎಪ್ಪತ್ತೈದು ದಾಟುವುದರೊಳಗೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಉಳಿದೆರಡರಲ್ಲಿ ಅಪಾಯ ಸಾಕಷ್ಟು ಕಡಿಮೆ. ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಭಯವೂ ಜೊತೆಗಿದೆ. ಒಂದೊಂದು ಮಗುವಿಗೂ, ಒಡಹುಟ್ಟಿದವರಿಗೂ ಈ ದೋಷ ಇರುವ ಸಂಭವ ಅರ್ಧ. ಪಾಶ್ಚಾತ್ಯ ದೇಶಗಳ ಅಂದಾಜಿನ ಪ್ರಕಾರ ಸುಮಾರು 280 ಜನರಲ್ಲಿ ಒಬ್ಬರು ಇಂಥ ದೋಷ ಹೊತ್ತಿದ್ದಾರೆ, ಕರುಳಿನ ಕ್ಯಾನ್ಸರ್ ಬಂದ ನೂರರಲ್ಲಿ ಮೂವರ ಕಾಯಿಲೆಗೆ ಇದೇ ಮೂಲ. ಮಿಕ್ಕ ಬಹುಪಾಲು ಜನರ ಕಾಯಿಲೆ ಹೀಗೆ ಒಂದೇ ಜೀನ್‌ನಿಂದ ಬಂದದ್ದಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು.

ಪತ್ತೆ ಹಚ್ಚುವುದು ಕಷ್ಟವೇ? ಪ್ರಯೋಗಾಲಯದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರ ಕೊಯ್ದು, ಆ ನಾಲ್ಕು ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳಿಗೆ ಒಂದೊಂದು ಬಣ್ಣದ ಪರೀಕ್ಷೆ ಮಾಡುತ್ತಾರೆ. ಪ್ರೋಟೀನ್ ಇದ್ದಲ್ಲಿ ಜೀವಕೋಶದ ಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ದೋಷವಿರುವ ಗೆಡ್ಡೆಯಲ್ಲಿ ಕ್ಯಾನ್ಸರ್ ಕೋಶಗಳ ಕೇಂದ್ರಗಳೆಲ್ಲ ಬರಿಯ ನೀಲಿ, ನಡುವೆ ಚದುರಿದ ಬಿಳಿರಕ್ತಕಣಗಳು ಮಾತ್ರ ಕಂದು. ಬಣ್ಣ ಸರಿಯಾಗಿ ಹಿಡಿದಿದೆ, ಗೆಡ್ಡೆಯಲ್ಲೇ ಪ್ರೋಟೀನ್ ಇಲ್ಲ ಎಂಬುದಕ್ಕೆ ಆ ಕಂದು ಕಣಗಳೇ ಸಾಕ್ಷಿ. ಇದಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಫಲಿತಾಂಶ ಅನುಮಾನ ಹುಟ್ಟಿಸಿದರೆ ಆಮೇಲೆ ರಕ್ತದಿಂದ ಜೀನ್ ಪರೀಕ್ಷೆ, ಏಕೆಂದರೆ ಎಂಎಲ್‌ಎಚ್1 ಕಾಣೆಯಾದ ಎಷ್ಟೋ ಗೆಡ್ಡೆಗಳಲ್ಲಿ ಕಾರಣ ವಂಶದ್ದಾಗಿರುವುದಿಲ್ಲ. ಇಂಗ್ಲೆಂಡಿನಲ್ಲಿ 2017ರಿಂದಲೂ ಕರುಳಿನ ಕ್ಯಾನ್ಸರ್ ಪತ್ತೆಯಾದ ಪ್ರತಿಯೊಬ್ಬರಿಗೂ ಗೆಡ್ಡೆಯ ಈ ತಪಾಸಣೆ ಆಗಬೇಕೆಂಬ ಶಿಫಾರಸು ಇದೆ. ರೋಗಿಗೂ ಇದರಿಂದ ನೇರ ಲಾಭವುಂಟು: ಈ ಬಗೆಯ ಗೆಡ್ಡೆಗಳು ಇಮ್ಯುನೋಥೆರಪಿಗೆ ಚೆನ್ನಾಗಿ ಬಗ್ಗುತ್ತವೆ. ನಮ್ಮಲ್ಲಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಸೇರಿದವರಿಗೆ ಈ ಪರೀಕ್ಷೆ ಸಿಗುತ್ತದೆ. ಜಿಲ್ಲಾ ಕೇಂದ್ರದಲ್ಲಿ ಆಪರೇಷನ್ ಆದವರ ರಿಪೋರ್ಟ್ 'ಅಡಿನೋಕಾರ್ಸಿನೋಮ' ಎಂಬಲ್ಲಿಗೇ ಸಾಮಾನ್ಯವಾಗಿ ಮುಗಿಯುತ್ತದೆ.

ಪ್ರಯೋಗಾಲಯಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ನಿಮ್ಮ ಮನೆಯಲ್ಲಿ ಇನ್ಯಾರಿಗೆ ಕ್ಯಾನ್ಸರ್ ಆಗಿತ್ತು? ಕಿಕ್ಕಿರಿದ ಒಪಿಡಿಯಲ್ಲಿ ಇದಕ್ಕೆ ಸಿಗುವುದು ಅರ್ಧ ನಿಮಿಷ, ಕೇಸ್ ಶೀಟಿನಲ್ಲಿ ಬೀಳುವುದು 'ಇಲ್ಲ' ಎಂಬ ಒಂದೇ ಮಾತು. ಅತ್ತೆಯ ತವರಿನ ಕಡೆ ಯಾರು ಹೇಗೆ ಹೋದರು ಎಂಬುದು ಸೊಸೆಗೆ ಗೊತ್ತಿರುವುದಿಲ್ಲ. ದೊಡ್ಡಮ್ಮನಿಗೆ ನಲವತ್ತರಲ್ಲೇ ಗರ್ಭಕೋಶ ತೆಗೆಸಿದ್ದು ಎಲ್ಲರಿಗೂ ಗೊತ್ತು, ಏಕೆ ತೆಗೆಸಿದರೆಂದು ಯಾರೂ ಕೇಳಿರುವುದಿಲ್ಲ. ತಾತ 'ಹೊಟ್ಟೆನೋವು ಬಂದು' ತೀರಿಕೊಂಡವರು. ಹೆಣ್ಣುಮಕ್ಕಳ ಮದುವೆ ಆಗುವ ತನಕ ಕ್ಯಾನ್ಸರ್ ಎಂಬ ಹೆಸರನ್ನೇ ಎತ್ತದ ಮನೆಗಳೂ ಇವೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಬಚ್ಚಿಟ್ಟರೆ ಆ ಹೆಣ್ಣುಮಕ್ಕಳಿಗೇ ಕೇಡು.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೂವತ್ತು ದಾಟಿದವರಿಂದ ತುಂಬಿಸುವ ನಮೂನೆಯಲ್ಲಿ ಕುಟುಂಬದ ಕಾಯಿಲೆಯ ಪ್ರಶ್ನೆ ಇದೆ, ಆದರೆ ಅದು ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗಕ್ಕೇ ಸೀಮಿತ. ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆ ನಡೆಯುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ. ಕರುಳಿಗೂ ಎಲ್ಲರನ್ನೂ ತಪಾಸಣೆ ಮಾಡಿ ಎಂದು ನಾವು ಕೇಳುತ್ತಿಲ್ಲ. ಅಷ್ಟು ಕೊಲೊನೋಸ್ಕೋಪಿ ಮಾಡುವ ಶಕ್ತಿ ನಮ್ಮ ವ್ಯವಸ್ಥೆಗಿಲ್ಲ. ಆದರೆ ಆ ನಮೂನೆಗೆ ಒಂದು ಸಾಲು ಸೇರಿಸಬಹುದು: ರಕ್ತಸಂಬಂಧಿಗಳಲ್ಲಿ ಐವತ್ತರೊಳಗೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿತ್ತೇ?

ಹೌದು ಎಂದವರಿಗೆ ಮುಂದೇನು ಎಂಬುದಕ್ಕೂ ಗಟ್ಟಿ ಉತ್ತರವಿದೆ. ಫಿನ್‌ಲೆಂಡಿನಲ್ಲಿ ಲಿಂಚ್ ಸಿಂಡ್ರೋಮ್ ಇರುವ 22 ಕುಟುಂಬಗಳ 252 ಜನರನ್ನು ಹದಿನೈದು ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕರುಳಿನ ತಪಾಸಣೆ ಮಾಡಿಸಿಕೊಂಡ 133 ಜನರಲ್ಲಿ 8 ಮಂದಿಗೆ ಕ್ಯಾನ್ಸರ್ ಬಂತು, ಅದರಿಂದ ಒಬ್ಬರೂ ಸಾಯಲಿಲ್ಲ. ಮಾಡಿಸಿಕೊಳ್ಳದ 119 ಜನರಲ್ಲಿ 19 ಮಂದಿಗೆ ಬಂತು, 9 ಮಂದಿ ತೀರಿಕೊಂಡರು. ಈಗ ಹೆಚ್ಚಿನ ಅಪಾಯವಿರುವವರಿಗೆ ಇಪ್ಪತ್ತೈದರ ಆಸುಪಾಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಹೇಳುತ್ತಾರೆ. ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಎರಡು ವರ್ಷ ತೆಗೆದುಕೊಂಡ ಲಿಂಚ್ ಕುಟುಂಬದವರಲ್ಲಿ ಅಪಾಯ ಮೂರನೇ ಒಂದು ಭಾಗದಷ್ಟು ಇಳಿದದ್ದು 2020ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶದಲ್ಲಿ ಕಂಡಿದೆ. ಆಸ್ಪಿರಿನ್‌ನಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ವೈದ್ಯರು ಹೇಳದೆ ಯಾರೂ ಅದಕ್ಕೆ ಕೈಹಾಕಬಾರದು. ಎಪಿಸಿ ಜೀನ್ ಕೆಟ್ಟು ಹದಿಹರೆಯದಲ್ಲೇ ಕರುಳಿನ ತುಂಬ ನೂರಾರು ಪಾಲಿಪ್ ಏಳುವ ಇನ್ನೊಂದು ಕಾಯಿಲೆಯಲ್ಲಿ ನಿಗಾ ಇನ್ನೂ ಬೇಗ ಶುರುವಾಗಬೇಕು. ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಕ್ಯಾನ್ಸರ್ ಬಹುತೇಕ ಖಚಿತ.

ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದಲ್ಲೇ ಹೆಣ್ಣು ಕೊಟ್ಟು ತರುವ ನಮ್ಮ ಸೀಮೆಯಲ್ಲಿ ಮತ್ತೊಂದು ಮಾತು ಹೇಳಲೇಬೇಕು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಲಿಂಚ್ ಜೀನ್‌ನ ದೋಷವಿದ್ದು ಎರಡೂ ಮಗುವಿಗೆ ಇಳಿದರೆ, ಆ ಮಗುವಿಗೆ ಬಾಲ್ಯದಲ್ಲೇ ಮೆದುಳಿನ, ರಕ್ತದ, ಕರುಳಿನ ಕ್ಯಾನ್ಸರ್ ಬರಬಹುದು. ಅಪರೂಪ ನಿಜ, ಆದರೆ ಸಂಬಂಧದಲ್ಲೇ ಮದುವೆಯಾಗುವ ಕಡೆ ಅದರ ಸಾಧ್ಯತೆ ಹೆಚ್ಚು.

ಇನ್ನು ಲಾಲಾರಸ ಕಳಿಸಿದರೆ ಕ್ಯಾನ್ಸರ್ ಅಪಾಯದ ಅಂಕ ಹೇಳುತ್ತೇವೆ ಎನ್ನುವ ಕಿಟ್‌ಗಳು. 2007ರಿಂದೀಚೆ ಕರುಳಿನ ಕ್ಯಾನ್ಸರ್‌ನ ಅಪಾಯವನ್ನು ಚೂರುಚೂರೇ ಏರಿಸುವ ಇನ್ನೂರರಷ್ಟು ಸಣ್ಣ ಜೀನ್ ವ್ಯತ್ಯಾಸಗಳು ಸಿಕ್ಕಿವೆ. ಹೆಚ್ಚಿನವು ಸಿಕ್ಕಿದ್ದು ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರ ಡಿಎನ್‌ಎಯಲ್ಲಿ. ಆ ಅಂಕವನ್ನು ರಾಯಚೂರಿನವರಿಗೋ ಪುತ್ತೂರಿನವರಿಗೋ ನೇರವಾಗಿ ಹಚ್ಚಿದರೆ ಲೆಕ್ಕ ತಪ್ಪುವ ಸಂಭವ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದುವ ಕೆಲಸ ಮುಗಿದು, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿದೆ. ನಮ್ಮವರಿಗೆ ಒಪ್ಪುವ ಲೆಕ್ಕ ಅಲ್ಲಿಂದ ಶುರುವಾಗಬಹುದು. ಅಲ್ಲಿಯವರೆಗೆ ಕಿಟ್‌ಗೆ ಹಾಕುವ ದುಡ್ಡನ್ನು ಗೆಡ್ಡೆಯ ಬಣ್ಣದ ಪರೀಕ್ಷೆಗೆ ಹಾಕಿ.

ಸರ್ಕಾರಕ್ಕೆ ನಮ್ಮ ಒತ್ತಾಯ ನೇರವಾದದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಪ್ರತಿ ರೋಗಿಗೂ ಈ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ ತಾನಾಗಿಯೇ ಸಿಗಬೇಕು. ಕಿದ್ವಾಯಿ ಸಂಸ್ಥೆಯಂಥ ಕಡೆ ಜೀನ್ ವಿಚಾರವನ್ನು ಕನ್ನಡದಲ್ಲಿ ಕೂತು ವಿವರಿಸುವ, ಒಡಹುಟ್ಟಿದವರನ್ನು ಕರೆಸುವ ಆಪ್ತಸಮಾಲೋಚಕರು ಬೇಕು, ಅವರ ಸಂಬಳಕ್ಕೆ ಹುದ್ದೆ ಮಂಜೂರಾಗಬೇಕು. ವಿಮೆ ಕೈತಪ್ಪುತ್ತದೆಂದು ಹೆದರಿ ಪರೀಕ್ಷೆಯಿಂದ ಹಿಂಜರಿಯುವವರಿದ್ದಾರೆ. ಆನುವಂಶಿಕ ಕಾಯಿಲೆ ಎಂದು ವಿಮೆಯಿಂದ ಸಾರಾಸಗಟಾಗಿ ಹೊರಗಿಡುವುದು ತಾರತಮ್ಯ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆ ರಕ್ಷಣೆ ಸಂಸತ್ತು ಮಾಡುವ ಕಾನೂನಾಗಿ ಬರಬೇಕು.

ಮನೆಯಲ್ಲಿ ಐವತ್ತರೊಳಗಿನವರೊಬ್ಬರನ್ನು ಈ ಕಾಯಿಲೆಗೆ ಈಗಾಗಲೇ ಕಳೆದುಕೊಂಡವರೂ ತಡವಾಯಿತೆಂದು ಕೈಚೆಲ್ಲಬೇಕಿಲ್ಲ. ಮೇಣದಲ್ಲಿ ಹುದುಗಿಸಿದ ಆ ತುಣುಕನ್ನು, ಆಸ್ಪತ್ರೆಯವರು ಬ್ಲಾಕ್ ಎನ್ನುವುದನ್ನು, ಹಲವು ವರ್ಷ ಕಾಪಿಟ್ಟಿರುತ್ತಾರೆ, ಆಮೇಲೆ ವಿಲೇವಾರಿ ಮಾಡುತ್ತಾರೆ. ಬಯಾಪ್ಸಿ ನಂಬರ್ ಹಳೆಯ ರಿಪೋರ್ಟಿನ ಮೇಲ್ಭಾಗದಲ್ಲೇ ಇರುತ್ತದೆ. ಅದನ್ನು ಹಿಡಿದುಕೊಂಡು ಪೆಥಾಲಜಿ ವಿಭಾಗಕ್ಕೆ ಹೋಗಿ, ಬ್ಲಾಕ್ ಕೊಡಿ ಎಂದು ಅರ್ಜಿ ಬರೆದುಕೊಡಿ, ಆ ನಾಲ್ಕು ಪ್ರೋಟೀನ್‌ಗಳ ಬಣ್ಣದ ಪರೀಕ್ಷೆಯನ್ನು ಎಂಎಂಆರ್ ಪರೀಕ್ಷೆ ಎಂದು ಹೆಸರು ಹೇಳಿ ಕೇಳಿ.